ಹೊಂಗೆ ಮರದ ಕೆಳಗಿನ 9 ಮಕ್ಕಳು: ಆಟದ ಪೀರಿಯಡ್ಡಿನ ಒಂದು ಪ್ರಕರಣ

ಮಂಗಳವಾರ ಮತ್ತು ಗುರುವಾರ, ಬಿಸಿಯೂಟ ಮುಗಿದು ಗಂಟೆ ಹೊಡೆದ ತಕ್ಷಣ ನಮ್ಮ ಐದನೇ ತರಗತಿ ತಾನಾಗಿ ಎರಡು ಪಾಲಾಗುತ್ತಿತ್ತು. 22 ಮಕ್ಕಳು ಮೈದಾನಕ್ಕೆ, 9 ಮಕ್ಕಳು ಕಾಂಪೌಂಡಿನ ಮೂಲೆಯ ಹೊಂಗೆ ಮರದ ಕೆಳಗೆ. ಹೀಗೆ ಕೂರಿ ಎಂದು ಅವರಿಗೆ ಯಾರೂ ಹೇಳಿದ್ದಲ್ಲ. ನೀರಿನ ಬಾಟಲಿ ಕಾಯುವವರು, ಹೊಟ್ಟೆ ನೋಯುವವರು, ಚಪ್ಪಲಿ ಕಿತ್ತುಹೋದವರು. ವಾರ ಬದಲಾದರೂ ಮುಖಗಳು ಅವೇ, ನೆಪಗಳೂ ಹೆಚ್ಚುಕಡಿಮೆ ಅವೇ.

ನಾನು ಗಣಿತ, ವಿಜ್ಞಾನ ಹೇಳಿಕೊಡುವವಳು. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ಪಿ.ಟಿ. ಮೇಷ್ಟ್ರಿಗೆ ವರ್ಗವಾಯಿತು, ಆ ಜಾಗಕ್ಕೆ ಯಾರೂ ಬರಲಿಲ್ಲ. ಜೂನ್ ತಿಂಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯರು ವಿಸಿಲ್ಲನ್ನು ನನ್ನ ಮುಂದೆ ಇಟ್ಟು, 'ಐದನೇ ಕ್ಲಾಸಿಗೆ ನೀವೇ ಅಲ್ವಾ ಮೇಡಂ, ಆಟಾನೂ ನೀವೇ ನೋಡ್ಕೊಂಬಿಡಿ' ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು ಇರಬೇಕು ಎಂದಿದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು ಆರರಿಂದ ಎಂಟನೇ ತರಗತಿಗೆ, ಅದೂ ದಾಖಲಾತಿ 100 ದಾಟಿದರೆ. ಐದನೆಯವರು ಆ ಲೆಕ್ಕದ ಹೊರಗೆ. ಹಾಗಾಗಿ ವಿಸಿಲ್ ನನ್ನ ಕೊರಳಿಗೆ ಬಿತ್ತು.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಪೋರ್ಷನ್ ಮುಗಿದಿಲ್ಲ ಅಂತ ಆಟದ ಪೀರಿಯಡ್ಡನ್ನು ಭಿನ್ನರಾಶಿಗೆ ಬಳಸಿಕೊಂಡವರಲ್ಲಿ ನಾನೂ ಒಬ್ಬಳು. ಹಿಂದಿನ ವರ್ಷಗಳಲ್ಲಿ ಎಷ್ಟು ಸಲ ಹಾಗೆ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಆಗೆಲ್ಲ ಆಡಲು ಕಾದಿದ್ದವರ ಮುಖ ಬಾಡುವುದು ಕಾಣುತ್ತಿತ್ತು. ಉಳಿದವರ ಮುಖದಲ್ಲಿದ್ದ ನಿರಾಳ ಕಂಡಿರಲಿಲ್ಲ.

ಮೊದಲ ತಿಂಗಳು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಾವಧಾನ್, ವಿಶ್ರಾಮ್, ಸ್ವಲ್ಪ ಡ್ರಿಲ್. ಆಮೇಲೆ ಇಬ್ಬರು ಕ್ಯಾಪ್ಟನ್ನರು ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದು, ಖೋ-ಖೋ. ಮರದ ಕೆಳಗಿದ್ದವರನ್ನು ಗದರಿಸಿ ಎಬ್ಬಿಸಿದೆ. ಎದ್ದು ಬಂದರು, ಸಾಲಿನ ಕೊನೆಯಲ್ಲಿ ನಿಂತರು. ಆರಿಸುವಾಗ ಕೊನೆಗೆ ಉಳಿದರು. 'ಅವಳ್ನ ನೀನೇ ಇಟ್ಕಳೋ, ನಮಗ್ ಬ್ಯಾಡ' ಎಂದು ಒಬ್ಬ ಕ್ಯಾಪ್ಟನ್ ಇನ್ನೊಬ್ಬನಿಗೆ ಹೇಳಿದ್ದನ್ನು ಆ ಹುಡುಗಿ ಕೇಳಿಸಿಕೊಂಡಳು, ನಾನೂ ಕೇಳಿಸಿಕೊಂಡೆ. ಮುಂದಿನ ಆಟದ ಪೀರಿಯಡ್ಡಿಗೆ ಅವಳಿಗೆ ಹೊಟ್ಟೆ ನೋವು.

ಜುಲೈನಲ್ಲಿ ಒಂದು ಉಪಾಯ ಹೊಳೆಯಿತು, ಬಹಳ ಜಾಣ ಉಪಾಯ ಅಂದುಕೊಂಡಿದ್ದೆ. ಗೋಡೆಗೆ ಒಂದು ಚಾರ್ಟ್ ಅಂಟಿಸಿ, ಆಡಿದವರ ಹೆಸರಿನ ಮುಂದೆ ಬಂಗಾರದ ಬಣ್ಣದ ನಕ್ಷತ್ರ. 10 ನಕ್ಷತ್ರ ಸೇರಿದರೆ ಒಂದು ಪೆನ್ಸಿಲ್. ಎರಡು ವಾರ ಹೊಂಗೆ ಮರದ ಕೆಳಗೆ ಒಂದು ಕಾಗೆಯೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬೀಗಿದ್ದೂ ಆಯಿತು. ಮೂರನೇ ವಾರ 'ಮಿಸ್, ಇವತ್ತು ಸ್ಟಾರ್ ಐತಾ?' ಎಂಬ ಪ್ರಶ್ನೆ ಶುರುವಾಯಿತು. ನಾಲ್ಕನೇ ವಾರ ನಕ್ಷತ್ರದ ಹಾಳೆ ಮುಗಿದಿತ್ತು, ಪೇಟೆಗೆ ಹೋಗಲು ಆಗಿರಲಿಲ್ಲ. ಅವತ್ತು ಮರದ ಕೆಳಗೆ 12 ಮಂದಿ ಇದ್ದರು. ಹಳೆಯ 9 ಮಂದಿಯ ಜೊತೆಗೆ, ಮೊದಲು ಯಾವ ನಕ್ಷತ್ರವೂ ಇಲ್ಲದೆ ಖುಷಿಯಾಗಿ ಓಡುತ್ತಿದ್ದ ಮೂವರು.

ಈ ಎಡವಟ್ಟಿಗೆ ಮನಃಶಾಸ್ತ್ರದಲ್ಲಿ ಹಳೆಯ ದಾಖಲೆಯೇ ಇದೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಸೇರಿ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳು. ಒಂದು ಗುಂಪಿಗೆ 'ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿ, ಬರೆದ ಮೇಲೆ ಕೊಟ್ಟರು. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ, ಆ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರು ಕೊಟ್ಟದ್ದರ ಅರ್ಧದಷ್ಟು. ಬಹುಮಾನವಿಲ್ಲದವರಿಗೂ, ಹೇಳದೆ ಕೇಳದೆ ಬಹುಮಾನ ಸಿಕ್ಕವರಿಗೂ ಹಾಗಾಗಲಿಲ್ಲ. ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿ ಕೆಲಸವಾಯಿತು, ಕೂಲಿ ನಿಂತಿತು, ಕೆಲಸವೂ ನಿಂತಿತು. ನನ್ನ ಚಾರ್ಟನ್ನು ಮೆಲ್ಲಗೆ ಬಿಚ್ಚಿ ಬೀರುವಿಗೆ ಹಾಕಿದೆ.

ಎಣಿಸಿದ್ದು

ಬೇರೇನೂ ತೋಚದಾಗ ಗಣಿತದವಳು ಎಣಿಸುತ್ತಾಳೆ. ಒಂದು ಗುರುವಾರ ವಿಸಿಲ್ಲನ್ನು ಕ್ಯಾಪ್ಟನ್ ಹುಡುಗನ ಕೈಗೆ ಕೊಟ್ಟು ಜಗಲಿ ಮೇಲೆ ಪುಸ್ತಕ ಹಿಡಿದು ಕೂತೆ. 40 ನಿಮಿಷದ ಪೀರಿಯಡ್ಡಿನಲ್ಲಿ ಸಾಲು, ಡ್ರಿಲ್, ತಂಡ ಆರಿಸುವುದು, 'ಅವನು ಗೆರೆ ತುಳಿದ' ಎಂಬ ಜಗಳ ಎಲ್ಲ ಕಳೆದು ಆಟ ನಡೆದದ್ದು 22 ನಿಮಿಷ. ಆ 22 ನಿಮಿಷದಲ್ಲಿ ತರಗತಿಯ ಅತಿ ವೇಗದ ಹುಡುಗನಿಗೆ ಅಟ್ಟುವ ಅವಕಾಶ ಸಿಕ್ಕಿದ್ದು 11 ಸಲ. ನಾನು ಎಬ್ಬಿಸಿ ಕಳಿಸಿದ್ದ ಒಬ್ಬ ಹುಡುಗಿಗೆ ಒಂದು ಸಲ. ಒಬ್ಬ ಹುಡುಗನಿಗೆ ಒಮ್ಮೆಯೂ ಇಲ್ಲ. ಅವನು ಚೌಕದಲ್ಲಿ ಮಂಡಿಯೂರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ, ಬೆನ್ನಿಗೆ 'ಖೋ' ಬೀಳುತ್ತದೇನೋ ಎಂದು ಕಾದೇ ಕಾದ. ಕೊನೆಗೆ ಮಣ್ಣಿನಲ್ಲಿ ಬೆರಳಿನಿಂದ ಏನೋ ಗೀಚತೊಡಗಿದ. ಹಿಂದಿನಿಂದ ನೋಡಿದರೆ ಸೋಮಾರಿ ಅನ್ನಿಸುತ್ತಿತ್ತು.

ಖೋ-ಖೋದ ಲೆಕ್ಕವೇ ಹಾಗೆ. ಅಟ್ಟುವ ತಂಡದಲ್ಲಿ ಎಂಟು ಮಂದಿ ಕೂತಿರುತ್ತಾರೆ, ಒಬ್ಬರು ಅಟ್ಟುತ್ತಾರೆ. ಓಡುವ ತಂಡ ಮೂವರು ಮೂವರಾಗಿ ಒಳಗೆ ಬರುತ್ತದೆ. ಅಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಕಾಲು ಆಡುತ್ತಿರುವುದು ನಾಲ್ವರದ್ದು. ನಮ್ಮಲ್ಲಿ 31 ಮಕ್ಕಳು, ಉಳಿದ 27 ಮಂದಿ ಕೂತವರು ಅಥವಾ ನಿಂತವರು. ಆಟ ಕೆಟ್ಟದ್ದೆಂದು ಹೇಳುತ್ತಿಲ್ಲ, ನೋಡಲು ಅದರಷ್ಟು ಚೆಂದದ ಆಟ ಇನ್ನೊಂದಿಲ್ಲ. ಆದರೆ ಅದು ಆರಿಸಿದ ತಂಡಗಳ ಆಟ, ಇಡೀ ತರಗತಿಯದ್ದಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಚಟುವಟಿಕೆಯಿಂದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಮೈದಾನದಲ್ಲಿ ಆ ಹುಡುಗನ ಪಾಲಿಗೆ ಬಂದದ್ದು ಸೊನ್ನೆ.

ಔಟ್ ಆಗುವ ಆಟಗಳಲ್ಲಿ ಇದು ಇನ್ನೂ ಕಟು. ಕೆರೆ-ದಡ ಆಡಿಸಿ ನೋಡಿ. ಮೊದಲು ತಪ್ಪುವುದು ಯಾರು? ಗಮನ ಕಡಿಮೆ ಇರುವವನು, ಕಾಲು ನಿಧಾನವಿರುವವಳು. ಹೊರಗೆ ಕೂತು ಕೊನೆಯವರೆಗೆ ನೋಡುವುದೂ ಅವರೇ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಆಟ ಬೇಗ ಮುಗಿಯುತ್ತದೆ. ಲೆಕ್ಕ ತಪ್ಪಿದ ಮಗುವನ್ನು ಇವತ್ತಿಡೀ ಇನ್ನೊಂದು ಲೆಕ್ಕ ಮಾಡಬೇಡ ಎಂದು ನಾನು ಗಣಿತದ ಕ್ಲಾಸಿನಲ್ಲಿ ಹೊರಗೆ ಕೂರಿಸುತ್ತೇನೆಯೇ?

ಅದೇ ಮಕ್ಕಳು, ಬೇರೆ ಹೊತ್ತು

ನಿಜವಾದ ಸುಳಿವು ಸಿಕ್ಕಿದ್ದು ಮೈದಾನದಲ್ಲಲ್ಲ, ಅಡುಗೆ ಕೋಣೆಯ ಹಿಂದೆ. ಊಟದ ಬಿಡುವಿನಲ್ಲಿ ತಟ್ಟೆ ತೊಳೆದವರು ಅಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಇದ್ದಿಲಿನಿಂದ ಮನೆಗಳ ಗೆರೆ, ಬಿಲ್ಲೆಗೆ ಒಡೆದ ಹೆಂಚಿನ ಚೂರು. ಒಂಟಿಕಾಲಿನಲ್ಲಿ ಗೆರೆ ಮುಟ್ಟದೆ ಮನೆಯಿಂದ ಮನೆಗೆ ಕುಪ್ಪಳಿಸುತ್ತ, ಬಗ್ಗಿ ಬಿಲ್ಲೆ ಎತ್ತಿಕೊಂಡು ತಿರುಗುತ್ತಿದ್ದವಳು ಯಾರು? ನನ್ನ ಹೊಟ್ಟೆನೋವಿನ ಹುಡುಗಿ! ಅವಳ ಹಿಂದೆ ಸರದಿ ಕಾಯುತ್ತಿದ್ದ ಐವರಲ್ಲಿ ನಾಲ್ವರು ಹೊಂಗೆ ಮರದವರು. ಆಟದ ಪೀರಿಯಡ್ ಶುರುವಾಗಲು ಇನ್ನು ಹತ್ತು ನಿಮಿಷವಿತ್ತು.

ಅವರ ಮೈಗೆ ಆಟ ಬೇಡವಾಗಿರಲಿಲ್ಲ, ನನ್ನ ಪೀರಿಯಡ್ ಬೇಡವಾಗಿತ್ತು.

ಸುಮ್ಮನೆ ನಿಂತು ಆ ಆಟದ ಕಟ್ಟಳೆ ನೋಡಿದೆ. ಬಿಲ್ಲೆ ಗೆರೆ ಮೇಲೆ ಬಿದ್ದರೆ, ಕಾಲು ಗೆರೆಗೆ ತಾಕಿದರೆ ಸರದಿ ಹೋಗುತ್ತದೆ, ಆಟ ಹೋಗುವುದಿಲ್ಲ. ಮುಂದಿನ ಸರದಿಯಲ್ಲಿ ತಪ್ಪಿದ ಮನೆಯಿಂದಲೇ ಶುರು. ಅಲ್ಲಿಯವರೆಗೆ ಗೆದ್ದದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಎಲ್ಲರಿಗೂ ಸರದಿ ಬಂದೇ ಬರುತ್ತದೆ. ಸಾಲದ್ದಕ್ಕೆ, ಸುತ್ತು ಮುಗಿಸಿದವರಿಗೆ ತಮ್ಮದೇ ಒಂದು ಮನೆ, ಅಲ್ಲಿ ಬೇರೆಯವರು ಕಾಲಿಡುವಂತಿಲ್ಲ. ಇದನ್ನು ಯಾವ ಶಿಕ್ಷಣ ತಜ್ಞರೂ ಕೂತು ಬರೆದದ್ದಲ್ಲ. ಡೆಸಿ ಮತ್ತು ರಯಾನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಒಳಗಿನಿಂದ ಬರುವ ಆಸಕ್ತಿಗೆ ಮೂರು ಬೇಕು ಅನ್ನುತ್ತಾರೆ: ನನ್ನ ಆಯ್ಕೆ ಎಂಬ ಭಾವ, ನನಗೂ ಬರುತ್ತದೆ ಎಂಬ ಭಾವ, ನಾನು ಇವರಲ್ಲೊಬ್ಬಳು ಎಂಬ ಭಾವ. ಮೂರೂ ಅಡುಗೆ ಕೋಣೆಯ ಹಿಂದಿದ್ದವು.

'ನಂಗೊಂದು ಸರದಿ ಕೊಡ್ರೇ' ಅಂದೆ. ಸೆರಗು ಸಿಕ್ಕಿಸಿಕೊಂಡು ಬಿಲ್ಲೆ ಎಸೆದೆ, ಅದು ಎರಡು ಮನೆ ಆಚೆ ಹೋಗಿ ಬಿತ್ತು. ಎರಡನೇ ಸಲ ಕುಪ್ಪಳಿಸಲು ಹೋಗಿ ಜೋಲಿ ತಪ್ಪಿ ಗೋಡೆ ಹಿಡಿದೆ. ಅಡುಗೆಯ ಅಕ್ಕ ಸೌಟು ಹಿಡಿದೇ ಹೊರಗೆ ಬಂದು ನಕ್ಕಳು, ಮಕ್ಕಳು ಬಿದ್ದು ಬಿದ್ದು ನಕ್ಕರು. ಬಹಳ ದಿನದ ಮೇಲೆ ಒಬ್ಬಳನ್ನು 'ಮರದ ಕೆಳಗಿಂದ ಯಾಕೆ ಎದ್ದು ಬಂದೆ' ಎಂದು ಕೇಳಿದಾಗ, ಅವಳು ನಾನು ಆಮೇಲೆ ಮಾಡಿದ ಯಾವ ಬದಲಾವಣೆಯ ಮಾತನ್ನೂ ಎತ್ತಲಿಲ್ಲ. 'ನಿಮ್ಗೂ ಬರಲ್ಲವಲ್ಲ ಮಿಸ್' ಅಂದಳು.

ಒಂದನೇ ತರಗತಿಯವರನ್ನು ನೋಡಿದ್ದೀರಲ್ಲ. 'ಓಡಿ' ಅಂದರೆ ಸಾಕು, ಎಲ್ಲರೂ ಓಡುತ್ತಾರೆ. ಕೊನೆಗೆ ಬಂದವನೂ 'ಮಿಸ್, ನಾನು ಫಸ್ಟು' ಅನ್ನುತ್ತಾನೆ, ಸುಳ್ಳು ಹೇಳುತ್ತಿರುವುದಿಲ್ಲ. ಜಾನ್ ನಿಕಲ್ಸ್ ಎಂಬ ಮನಃಶಾಸ್ತ್ರಜ್ಞರು ಮಕ್ಕಳ ಈ ನಂಬಿಕೆಯ ಬೆನ್ನು ಹತ್ತಿದವರು. ಚಿಕ್ಕ ಮಕ್ಕಳಿಗೆ 'ಕಷ್ಟಪಟ್ಟೆ' ಮತ್ತು 'ಚೆನ್ನಾಗಿ ಬರುತ್ತದೆ' ಎರಡೂ ಒಂದೇ. 11, 12 ವರ್ಷದ ಹೊತ್ತಿಗೆ ಅವೆರಡೂ ಬೇರೆಯಾಗುತ್ತವೆ: ಅವನು ಕಷ್ಟಪಡದೆ ಗೆದ್ದ, ನಾನು ಕಷ್ಟಪಟ್ಟೂ ಸೋತೆ, ಹಾಗಾದರೆ ನನಗೆ ಬರುವುದಿಲ್ಲ. ಐದನೇ ತರಗತಿ ನಿಂತಿರುವುದು ಸರಿಯಾಗಿ ಆ ಹೊಸ್ತಿಲ ಮೇಲೆ. ಅಲ್ಲಿ ನಿಂತ ಮಗುವಿಗೆ ಮೈದಾನಕ್ಕೆ ಇಳಿಯದಿರುವುದೇ ಜಾಣತನ. ಆಡದಿದ್ದರೆ ಸೋತ ಹಾಗಾಗಲಿಲ್ಲವಲ್ಲ.

ಬದಲಾಯಿಸಿದ್ದು

ಮೊದಲು ಸಣ್ಣ ಸಂಗತಿಗಳು. ಹೊಟ್ಟೆ ನೋವು ಪೂರ್ತಿ ನೆಪವಾಗಿರಲಿಲ್ಲ. ಅನ್ನ ಸಾಂಬಾರು ಉಂಡ ತಕ್ಷಣ ಬಿಸಿಲಿನಲ್ಲಿ ಓಡು ಅಂದರೆ ನನಗೂ ನೋಯುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಿ ಪೀರಿಯಡ್ಡನ್ನು ದಿನದ ಕೊನೆಗೆ ಹಾಕಿಸಿಕೊಂಡೆ. ಶೂ ವಿಷಯ ಇನ್ನೊಂದು. ಸರ್ಕಾರ ಕೊಟ್ಟ ಶೂ ವರ್ಷಕ್ಕೆ ಒಂದೇ ಜೊತೆ, 'ಮಣ್ಣಾದ್ರೆ ಅಮ್ಮ ಬೈತಾಳೆ ಮಿಸ್'. ಬಿಚ್ಚಿಟ್ಟು ಆಡಬಹುದು ಎಂದು ಹೇಳಿ, ಮೈದಾನದ ಗಾಜು, ಮುಳ್ಳು ಆರಿಸಿದೆವು. ಹೆಣ್ಣುಮಕ್ಕಳಲ್ಲಿ ಕೆಲವರು ಓಡದಿದ್ದುದು ಬಿದ್ದರೆ ಲಂಗ ಮೇಲೆ ಹೋಗುತ್ತದೆ ಎಂಬ ಹೆದರಿಕೆಗೆ. ಒಳಗೆ ಚಡ್ಡಿ ಹಾಕಿಸಿ ಕಳಿಸಿ ಎಂದು ತಾಯಂದಿರಿಗೆ ಹೇಳಿದ್ದೇ ಸಾಕಾಯಿತು. ಇದನ್ನು ಪಿ.ಟಿ. ಮೇಷ್ಟ್ರಿಗೆ ಆ ಮಕ್ಕಳು ಎಂದೂ ಹೇಳುತ್ತಿರಲಿಲ್ಲ ಅನ್ನಿಸುತ್ತದೆ.

ಹೋಂವರ್ಕ್ ಮಾಡದವರಿಗೆ 'ಗ್ರೌಂಡ್ ಎರಡು ರೌಂಡ್ ಹಾಕು' ಎಂಬ ಶಿಕ್ಷೆ ನಮ್ಮಲ್ಲಿ ಬಹಳ ಕಾಲದಿಂದ ಇತ್ತು. ಬೆಳಿಗ್ಗೆ ಶಿಕ್ಷೆಯೆಂದು ಓಡಿಸಿ, ಸಂಜೆ ಓಟವೆಂದರೆ ಖುಷಿ ಎಂದು ಹೇಳಿದರೆ ಯಾವ ಮಗು ನಂಬುತ್ತದೆ? ನನ್ನ ತರಗತಿಯಲ್ಲಿ ಅದನ್ನು ನಿಲ್ಲಿಸಿದೆ. ಬೇರೆ ತರಗತಿಗಳಲ್ಲಿ ಈಗಲೂ ಇದೆ, ಅಲ್ಲಿ ನನ್ನ ಮಾತು ನಡೆಯುವುದಿಲ್ಲ.

ಕ್ಯಾಪ್ಟನ್ ಆರಿಸುವ ಪದ್ಧತಿ ಬಿಟ್ಟು ನಮ್ಮೂರಿನದೇ ಹಳೆಯ ಉಪಾಯ ತಂದೆ. ಇಬ್ಬಿಬ್ಬರು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು 'ಸೂರ್ಯ ಬೇಕಾ, ಚಂದ್ರ ಬೇಕಾ?' ಎಂದು ಕೇಳುವುದು. ನಾಯಕನಿಗೆ ಬೇಕಾದದ್ದು ಚಂದ್ರ, ಆ ಹುಡುಗಿ ಅಲ್ಲ. ಬೇಡ ಎನಿಸಿಕೊಂಡರೂ ಬೇಡವಾದದ್ದು ಸೂರ್ಯ. ಮಕ್ಕಳು ಹೆಸರಿಡುವುದಕ್ಕೇ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದರೆ ಕೆಲವೊಮ್ಮೆ ಗದರಬೇಕಾಗುತ್ತದೆ. ಜೋಡಿ ಕಟ್ಟುವಾಗ ಮತ್ತೆ ಯಾರೋ ಒಬ್ಬರು ಒಂಟಿಯಾಗುತ್ತಿದ್ದರು, ಅದಕ್ಕೆ ಎತ್ತರದ ಪ್ರಕಾರ ನಿಲ್ಲಿಸಿ ಪಕ್ಕದವರೇ ಜೋಡಿ ಎಂದು ಮಾಡಿದೆ.

ಒಂದು ದೊಡ್ಡ ಖೋ-ಖೋ ಅಂಗಳದ ಬದಲು ನಾಲ್ಕು ಸಣ್ಣವು. ಕಂಬದ ಜಾಗಕ್ಕೆ ಇಟ್ಟಿಗೆ. ಮೂರು ಅಂಗಳದಲ್ಲಿ ಎಂಟೆಂಟು ಮಕ್ಕಳು, ಒಂದರಲ್ಲಿ ಏಳು. ನಾಲ್ವರು ಕೂರುತ್ತಾರೆ, ಒಬ್ಬರು ಅಟ್ಟುತ್ತಾರೆ, ಉಳಿದವರು ಓಡುತ್ತಾರೆ. ಔಟ್ ಆದರೆ ಹೊಂಗೆ ಮರ ಮುಟ್ಟಿ ಓಡಿ ಬಂದು ಮತ್ತೆ ಆಟಕ್ಕೆ. ಮೂರು ನಿಮಿಷಕ್ಕೊಮ್ಮೆ ಜಾಗ ಅದಲುಬದಲು. ಮೊದಲು ನಾಲ್ವರ ಕಾಲು ಆಡುತ್ತಿದ್ದಲ್ಲಿ ಈಗ 15 ಮಂದಿಯದ್ದು. ಆದರೂ ಖೋ ಗೆಳೆಯರಿಗೇ ಹೋಗುತ್ತಿತ್ತು. ಅದಕ್ಕೆ ಪರಿಹಾರ ಕೊಟ್ಟದ್ದು ಮಣ್ಣಿನಲ್ಲಿ ಗೀಚುತ್ತಿದ್ದ ಹುಡುಗ: 'ಖೋ ಸಿಗದೇ ಇರೋರು ತಲೆ ಮ್ಯಾಲೆ ಕೈ ಇಟ್ಕಳ್ಳಿ ಮಿಸ್, ಮೊದ್ಲು ಅವ್ರಿಗೆ ಕೊಡ್ಲಿ.' ಅವನ ಕಾನೂನು ಇವತ್ತಿಗೂ ಜಾರಿಯಲ್ಲಿದೆ. ಯಾರಾದರೂ ಮುರಿದರೆ ಅವನು ಜಗಳಕ್ಕೇ ಬರುತ್ತಾನೆ. ಅವನ ದನಿ ಅಷ್ಟು ಜೋರಿದೆ ಎಂದು ನನಗೆ ಗೊತ್ತಿರಲಿಲ್ಲ.

ಸಾಮಾನಿನ ಕತೆ ಒಂದಿಷ್ಟು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆ ಕಿರಿಯ ಪ್ರಾಥಮಿಕ ಹಂತಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಅನುದಾನದ ಅವಕಾಶವಿದೆ. ನಮ್ಮ ಕೋಣೆಯಲ್ಲಿ ವಾಲಿಬಾಲ್, ನೆಟ್, ಚಕ್ರ, ಕಬ್ಬಿಣದ ಗುಂಡು ಇದ್ದವು. ಹತ್ತು ವರ್ಷದ ಮಗು ಆ ಗುಂಡನ್ನು ಎತ್ತಿದರೆ ಕಾಲ ಮೇಲೆ ಹಾಕಿಕೊಳ್ಳುವುದಕ್ಕೆ ಮಾತ್ರ. ಹಾರ್ಡ್‌ವೇರ್ ಅಂಗಡಿಯಿಂದ ನೈಲಾನ್ ಹಗ್ಗ ತಂದು ಕತ್ತರಿಸಿ ತುದಿ ಸುಟ್ಟು ಸ್ಕಿಪ್ಪಿಂಗ್ ಹಗ್ಗ ಮಾಡಿದೆವು. ಗಣಿತದ ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಪ್ರತಿಯೊಬ್ಬರೂ ತಮ್ಮ ಲೆಕ್ಕ ಬರೆಯಬೇಕು, ಹಿಂದಿನ ವಾರಕ್ಕಿಂತ ಎಷ್ಟು ಹೆಚ್ಚು ಅಷ್ಟೇ ನೋಡುವುದು. 'ನಿನ್ನ ಲೆಕ್ಕ ನಿನಗೆ' ಎಂದು ನಾನು ಸಾರಿ ಹೇಳಿದೆ. ಐದು ನಿಮಿಷದಲ್ಲಿ 'ನಿಂದೆಷ್ಟು? ನಿಂದೆಷ್ಟು?' ಶುರುವಾಯಿತು. ಹೋಲಿಸಬೇಡಿ ಎಂದರೆ ಮಕ್ಕಳು ಕೇಳುವುದಿಲ್ಲ. ಎಲ್ಲರ ಮುಂದೆ ಗಟ್ಟಿಯಾಗಿ ಓದುವುದನ್ನು ನಾನು ಬಿಟ್ಟೆ, ಅಷ್ಟು ನನ್ನ ಕೈಯಲ್ಲಿತ್ತು.

ಆದದ್ದು, ಆಗದೆ ಉಳಿದದ್ದು

ನವೆಂಬರ್ ಹೊತ್ತಿಗೆ ಮರದ ಕೆಳಗೆ ಇಬ್ಬರು ಉಳಿದರು. ಒಬ್ಬ ಹುಡುಗ ಸ್ವಲ್ಪ ಓಡಿದರೂ ಏದುಸಿರು ಬಿಡುತ್ತಿದ್ದ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಅವನನ್ನು ಬೇರೆಯಾಗಿ ತೋರಿಸಿದೆ, ಅವರು ಆಸ್ಪತ್ರೆಗೆ ಬರೆದುಕೊಟ್ಟರು. ಉಬ್ಬಸ. ಅವನನ್ನು ನಾನು ಜೂನ್‌ನಲ್ಲಿ ಗದರಿಸಿ ಎಬ್ಬಿಸಿದ್ದೆ. ಇನ್ನೊಬ್ಬಳಿಗೆ ಓಡುವುದು ಇಷ್ಟವಿಲ್ಲ, ಅಷ್ಟೇ. ವಿಸಿಲ್ ಮತ್ತು ಸ್ಕೋರು ಬೇಕು ಅಂದಳು, ಕೊಟ್ಟೆ. ಹಾಗೆ ಕೊಟ್ಟದ್ದು ಅವಳನ್ನು ಆಟಕ್ಕೆ ಸೇರಿಸಿದಂತೆಯೋ, ಕೂರಲು ಮರ್ಯಾದೆಯ ಜಾಗ ಕಲ್ಪಿಸಿದಂತೆಯೋ ಎಂದು ಈಗಲೂ ನನ್ನೊಳಗೇ ವಾದ ನಡೆಯುತ್ತದೆ.

ಇದೊಂದೇ ತರಗತಿಯ, ಒಂದೇ ವರ್ಷದ ಕತೆ. ಹಲವನ್ನು ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳಲಾರೆ. ಟೀಚರ್ ಪುಸ್ತಕ ತಿದ್ದುವುದು ಬಿಟ್ಟು ಮೈದಾನಕ್ಕೆ ಇಳಿದಳು ಎಂಬುದೇ ದೊಡ್ಡ ಕಾರಣವಿದ್ದರೂ ಇರಬಹುದು.

ಕ್ಲಸ್ಟರ್ ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಖೋ-ಖೋ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಅದಕ್ಕೂ ನನ್ನ ಪೀರಿಯಡ್ಡಿಗೂ ಸಂಬಂಧವಿಲ್ಲ, ತಂಡದಲ್ಲಿ ಹೆಚ್ಚಿನವರು ಆರು, ಏಳನೆಯವರು. ಆದರೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬರು 'ಎಲ್ರನ್ನೂ ಆಡಿಸ್ತೀನಿ ಅಂತ ಹೋದ್ರೆ ಕಪ್ಪು ಎಲ್ಲಿಂದ ಬರ್ತದೆ ಮೇಡಂ' ಅಂದರು. ಊರಿಗೆ ಕಪ್ಪಿನ ಆಸೆ ಇರುವುದು ತಪ್ಪೂ ಅಲ್ಲ. ತಂಡವನ್ನು ಶನಿವಾರ ಬೇರೆಯಾಗಿ ಆಡಿಸೋಣ, ಪೀರಿಯಡ್ ಮಾತ್ರ 31 ಮಕ್ಕಳದ್ದೂ ಇರಲಿ ಎಂದು ಹೇಳಿ ಬಂದೆ.

ಈಗಿನ ತಲೆನೋವು ಬೇರೆ. 22 ನಿಮಿಷದಲ್ಲಿ 11 ಸಲ ಅಟ್ಟಿದ್ದ ಆ ಹುಡುಗ. ಸಣ್ಣ ಅಂಗಳದಲ್ಲಿ ಅವನಿಗೆ ಓಡಲು ಜಾಗವೇ ಸಾಲದು. 'ಎಲ್ರೂ ಸುಮ್ನೆ ಸಿಕ್ ಬಿಡ್ತಾರೆ ಮಿಸ್, ಮಜಾ ಇಲ್ಲ.' ಎಡಗೈಯಲ್ಲೇ ಮುಟ್ಟಬೇಕು ಎಂದು ಅವನಿಗೊಂದು ಕಟ್ಟಳೆ ಹಾಕಿದೆ. ಎರಡು ದಿನ ಹಾಗೇ ಆಡಿದ, ಮೂರನೇ ದಿನ ಮುಖ ಊದಿಸಿಕೊಂಡ. ಶನಿವಾರ ಏಳನೆಯವರ ಜೊತೆ ಬಿಟ್ಟರೆ ಬಾಣದ ಹಾಗೆ ಓಡುತ್ತಾನೆ. ಮೊನ್ನೆ ಗುರುವಾರ ಶೂ ದಾರ ಕಟ್ಟುತ್ತ ಹೊಂಗೆ ಮರದ ಕೆಳಗೆ ಒಬ್ಬನೇ ಕೂತಿದ್ದ. ಏನಾಯ್ತೋ ಅಂದೆ.

'ಹೊಟ್ಟೆ ನೋಯ್ತೈತೆ ಮಿಸ್.'

ಸೋಮವಾರದಿಂದ ಅವನನ್ನೂ ಇನ್ನು ಮೂವರನ್ನೂ ಆರನೆಯವರ ಪೀರಿಯಡ್ಡಿಗೆ ವಾರಕ್ಕೊಮ್ಮೆ ಕಳಿಸಬಹುದೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ವೇಳಾಪಟ್ಟಿ ನೋಡಿ ಹೇಳುತ್ತೇನೆ ಅಂದಿದ್ದಾರೆ.